ಮೌಸರ್ ಕೋವಿಯ ನಳಿಕೆಗೆ ತುಕ್ಕಿನ ಕಪ್ಪು: ಎಂಟು ಸುತ್ತುಗಳ ದಾಖಲೆ

ಮೇಜಿನ ಮೇಲಿರುವುದು ಹಳೆಯ ಮಿಲಿಟರಿ ಮೌಸರ್ 98 ಕೋವಿಯ ರಿಸೀವರ್ (ನಳಿಕೆ ಕೂರುವ, ಅದರ ಹಿಂಬದಿ ಮುಚ್ಚುವ ಬೋಲ್ಟ್ ಓಡುವ ಉಕ್ಕಿನ ಚೌಕಟ್ಟು), ಅದಕ್ಕೆ ಹೊಸದಾಗಿ ಕೂರಿಸಿದ 7×57 ಕಾಡತೂಸಿನ ನಳಿಕೆ. ನಳಿಕೆಯ ಉದ್ದ 58 ಸೆಂ.ಮೀ.; ಬುಡದಲ್ಲಿ 30 ಮಿ.ಮೀ. ದಪ್ಪ, ಮೂತಿಯ ಹತ್ತಿರ 15 ಮಿ.ಮೀ. ಉಕ್ಕು 4140 ಕ್ರೋಮ್-ಮಾಲಿ. ಮೂತಿಯಿಂದ ಸ್ವಲ್ಪ ಹಿಂದೆ ಫ್ರಂಟ್ ಸೈಟಿನ (ಗುರಿ ಹಿಡಿಯುವ ಮುಂದಿನ ಮೊನೆಯ) ಬಳೆಯನ್ನು ತವರ-ಬೆಳ್ಳಿ ಬೆಸುಗೆಯಲ್ಲಿ ಹಿಡಿಸಿದೆ. ಕಾಡತೂಸು ಕೂರುವ ಚೇಂಬರ್ ಕೊರೆದು, ಹೆಡ್‌ಸ್ಪೇಸನ್ನು (ಬೋಲ್ಟ್ ಮುಚ್ಚಿದಾಗ ಕಾಡತೂಸಿಗೆ ಉಳಿಯುವ ಜಾಗ) ಗೇಜಿನಲ್ಲಿ ನೋಡಿ, ಮರದ ಹಿಡಿಗೆ ಒಮ್ಮೆ ಕೂರಿಸಿ ತೆಗೆದಾಗಿದೆ. ಬಣ್ಣ ಯಾವಾಗಲೂ ಕೊನೆಯ ಕೆಲಸ. ಇದಾದ ಮೇಲೆ ಅರ ಮುಟ್ಟುವಂತಿಲ್ಲ.

ಸ್ಥಳ ಅಮೆರಿಕದ ಡೆನ್ವರ್, ಒಂದು ಮನೆಯ ಗ್ಯಾರೇಜು. ಊರಿನ ಹೆಸರನ್ನು ಹೇಳಲು ಕಾರಣವಿದೆ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ ಈ ಊರಿನಲ್ಲಿ ನೀರು 95 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಚಳಿಗಾಲದಲ್ಲಿ ಗ್ಯಾರೇಜಿನ ಗಾಳಿಯ ತೇವಾಂಶ ಶೇ. 25ರ ಆಸುಪಾಸು. ತುಕ್ಕು ಹಿಡಿಸಿ ಕುದಿಸುವ ಕೆಲಸಕ್ಕೆ ಇವೆರಡೂ ಅನುಕೂಲವಲ್ಲ, ಆದರೆ ಎರಡಕ್ಕೂ ದಾರಿಯಿದೆ.

ಬಿಸಿ ಉಪ್ಪಿನ ತೊಟ್ಟಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಬ್ಲೂಯಿಂಗ್ (ಉಕ್ಕಿಗೆ ನೀಲಿಗಪ್ಪು ಬಣ್ಣ ಹಿಡಿಸುವುದು) ಬಿಟ್ಟು ಈ ನಿಧಾನದ ದಾರಿ ಏಕೆ? ಆ ತೊಟ್ಟಿಯಲ್ಲಿರುವುದು ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪು, ಬಿಸಿ 140 ಡಿಗ್ರಿಗೂ ಮೇಲೆ. ಆ ದ್ರವ ತವರ, ಸೀಸದ ಬೆಸುಗೆಯನ್ನು ತಿಂದುಹಾಕುತ್ತದೆ, ಸೈಟಿನ ಬಳೆ ಕಳಚಿ ಬರುತ್ತದೆ. ಜೋಡುನಳಿಕೆಯ ಕೋವಿಗಳಿಗೂ ಇದೇ ಮಾತು: ಎರಡು ನಳಿಕೆಗಳ ನಡುವಿನ ಪಟ್ಟಿ ಬೆಸುಗೆಯಲ್ಲೇ ನಿಂತಿರುತ್ತದೆ. ಕೊಡಗಿನ ಮನೆಗಳಲ್ಲಿರುವ ಹಳೆಯ ಜೋಡುನಳಿಕೆಗಳನ್ನು ಬಿಸಿ ಉಪ್ಪಿನ ತೊಟ್ಟಿಗೆ ಇಳಿಸಲೇಬಾರದು ಎನ್ನುವುದು ಇದಕ್ಕೇ. ತುಕ್ಕಿನ ವಿಧಾನದಲ್ಲಿ ಕುದಿಯುವ ನೀರಿಗಿಂತ ಹೆಚ್ಚಿನ ಬಿಸಿ ಎಲ್ಲೂ ಇಲ್ಲ. ತವರ-ಬೆಳ್ಳಿ ಬೆಸುಗೆ ಕರಗುವುದು 221 ಡಿಗ್ರಿಯಲ್ಲಿ, ಆದ್ದರಿಂದ ಬಳೆ ಅಲುಗುವುದಿಲ್ಲ.

ಕಾನೂನಿನ ಎರಡು ಮಾತು. ಅಮೆರಿಕದಲ್ಲಿ ಲೆಕ್ಕಕ್ಕೆ ಬರುವ ಬಂದೂಕು ಎಂದರೆ ರಿಸೀವರ್. ಅದರ ಮೇಲಿನ ಸಂಖ್ಯೆಯನ್ನು ಅಳಿಸುವುದು ಅಪರಾಧ, ಹಾಗಾಗಿ ಹೊಳಪು ಕೊಡುವಾಗ ಆ ಜಾಗಕ್ಕೆ ಟೇಪು ಅಂಟಿಸಿಟ್ಟಿದೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ತಯಾರಿಕೆಗಷ್ಟೇ ಅಲ್ಲ, ರಿಪೇರಿಗೂ ಲೈಸೆನ್ಸ್ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಒಯ್ಯಲು. ಕೆಲಸವನ್ನು ಲೈಸೆನ್ಸ್ ಇರುವ ರಿಪೇರಿಯವರಿಗೇ ಕೊಡಬೇಕು. ಆದರೆ ಬಡಗಿಯ ಮಟ್ಟಗೋಲು, ಕತ್ತಿಯ ಅಲಗು, ಲೇತಿನ ಬಿಡಿಭಾಗಗಳಿಗೆ ಇದೇ ಕ್ರಮವನ್ನು ಯಾರು ಬೇಕಾದರೂ ಬಳಸಬಹುದು. 100 ಡಿಗ್ರಿಗೆ ಅಲಗಿನ ಹದ ಇಳಿಯುವುದಿಲ್ಲ.

ತುಕ್ಕು ಕಪ್ಪಾಗುವುದು ಹೇಗೆ

ಕೆಂಪು ತುಕ್ಕನ್ನು ಕುದಿಯುವ ನೀರಿನಲ್ಲಿಟ್ಟರೆ ಅದು ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡಾಗಿ ಮಾರ್ಪಡುತ್ತದೆ. ಅಡಿಯ ಉಕ್ಕು ಇದಕ್ಕೆ ಬೇಕಾದ ಕಬ್ಬಿಣವನ್ನು ಒದಗಿಸುತ್ತದೆ. ಕುದಿಯುವ ನೀರಿನಲ್ಲಿ ಕರಗಿದ ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಆದ್ದರಿಂದ ಹೊಸ ಕೆಂಪು ತುಕ್ಕು ಹುಟ್ಟುವುದಿಲ್ಲ. ನಳಿಕೆ ಇಳಿಸುವ ಮೊದಲು ನೀರನ್ನು ಹತ್ತು ನಿಮಿಷ ಸುಮ್ಮನೆ ಕುದಿಸುವುದು ಇದಕ್ಕಾಗಿ. ಕುದಿಸದೆ ಬಿಟ್ಟು ಎಣ್ಣೆ ಹಚ್ಚಿದರೆ ಸಿಗುವುದು ಹಳೆಯ ಕಾಲದ ಕಂದು ಬಣ್ಣ. ಕಂದೂ ಕಪ್ಪೂ ಒಂದೇ ತುಕ್ಕಿನ ಎರಡು ರೂಪ.

ಒಂದು ಸುತ್ತಿಗೆ ಒಂದು ತೆಳು ಪದರ. ಆಮ್ಲದ ದ್ರಾವಣ ಹಚ್ಚಿ ತುಕ್ಕು ಹಿಡಿಸು, ಕುದಿಸು, ಸಡಿಲ ಕಪ್ಪನ್ನು ಉಜ್ಜಿ ತೆಗೆ, ಮತ್ತೆ ಮೊದಲಿನಿಂದ. ಈ ನಳಿಕೆಗೆ ಎಂಟು ಸುತ್ತು ಬೇಕಾಯಿತು. ಆರಕ್ಕೆ ಮುಗಿಯುವ ಉಕ್ಕೂ ಇದೆ, ಹತ್ತು ಕೇಳುವುದೂ ಇದೆ. ಸ್ಟೇನ್‌ಲೆಸ್ ನಳಿಕೆಗೆ ಈ ದ್ರಾವಣಗಳಲ್ಲಿ ತುಕ್ಕೇ ಹಿಡಿಯುವುದಿಲ್ಲ, ಅದರ ಮೇಲೆ ಪ್ರಯತ್ನ ವ್ಯರ್ಥ.

ಮೇಲ್ಮೈ

ಲೇತಿನ ಗೆರೆಗಳನ್ನು ಮೊದಲು 10 ಇಂಚಿನ ಸಣ್ಣಹಲ್ಲಿನ ಅರದಿಂದ ಉದ್ದುದ್ದಕ್ಕೆ ಎಳೆದು ತೆಗೆಯಲಾಯಿತು. ಅರದ ಹಲ್ಲಿಗೆ ಸೀಮೆಸುಣ್ಣ ತಿಕ್ಕಿದ್ದರೆ ಪುಡಿ ಕಚ್ಚಿಕೊಂಡು ಗೀರು ಬೀಳುವುದಿಲ್ಲ. ಆಮೇಲೆ 120, 180, 240, 320 ಎಮರಿ ಬಟ್ಟೆ (ಅಂಕೆ ಏರಿದಷ್ಟೂ ನವಿರು). ಒಂದು ಅಂಕೆ ಅಡ್ಡಕ್ಕೆ, ಮುಂದಿನದು ಉದ್ದಕ್ಕೆ. ಹಿಂದಿನ ಗೆರೆ ಪೂರ್ತಿ ಹೋಯಿತೇ ಎಂದು ತಿಳಿಯುವ ಉಪಾಯ ಇದೊಂದೇ. 320ಕ್ಕೆ ನಿಲ್ಲಿಸಬೇಕು. ಕನ್ನಡಿಯಂಥ ಹೊಳಪಿನ ಮೇಲೆ ದ್ರಾವಣ ಹಿಡಿಯುವುದಿಲ್ಲ, ಮಣಿಮಣಿಯಾಗಿ ಸರಿಯುತ್ತದೆ. 320ರ ಗೆರೆಗಳನ್ನು ನಾಲ್ಕನೆಯ ಸುತ್ತಿಗೆ ತುಕ್ಕೇ ಸಮ ಮಾಡುತ್ತದೆ. ಉಳಿದುಹೋದ 180ರ ಗೆರೆಯನ್ನು ಮಾತ್ರ ಎಂಟು ಸುತ್ತೂ ಮುಚ್ಚಲಾರವು. ಬಫಿಂಗ್ ಚಕ್ರ ಬೇಡವೇ ಬೇಡ. ಅದು ತೂತುಗಳ ಅಂಚನ್ನು ಗುಂಡಗೆ ಮಾಡುತ್ತದೆ, ಅಕ್ಷರಗಳನ್ನು ತೊಳೆದುಬಿಡುತ್ತದೆ.

ಸೈಟಿನ ಬಳೆಯ ಅಂಚಿನಲ್ಲಿ ಹೊರಬಂದ ಬೆಸುಗೆಯನ್ನು ಹಿತ್ತಾಳೆಯ ಚೂಪಿನಿಂದ ಈಗಲೇ ಕೆರೆದು ತೆಗೆಯಬೇಕು. ಬೆಸುಗೆಗೆ ತುಕ್ಕು ಹಿಡಿಯುವುದಿಲ್ಲ. ಕೂದಲೆಳೆಯಷ್ಟು ಉಳಿದರೂ ಕೊನೆಯಲ್ಲಿ ಕಪ್ಪಿನ ನಡುವೆ ಬೆಳ್ಳಿಗೆರೆಯಾಗಿ ಕಾಣುತ್ತದೆ.

ಬಿರಡೆ

ನಳಿಕೆಯ ಒಳಮೈಗೆ ತುಕ್ಕು ತಾಗಕೂಡದು. ಗ್ರೀಸ್ ತುಂಬಿದರೆ ಕುದಿಯುವಾಗ ಕರಗಿ ಹೊರಬಂದು ನೀರಿನ ಮೇಲೆ ತೇಲುತ್ತದೆ, ನಳಿಕೆಯನ್ನು ಎತ್ತುವಾಗ ಮೈಗೆಲ್ಲ ಬಳಿಯುತ್ತದೆ. ಇಲ್ಲಿ ಬಳಸಿದ್ದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಎರಡು ಕೋಟು, ನಡುವೆ ಒಂದು ರಾತ್ರಿ. ರಿಸೀವರಿನ ಒಳಗೆ ಬೋಲ್ಟ್ ಓಡುವ ಜಾಡಿಗೂ ಅದೇ. ಎರಡೂ ತುದಿಗೆ ಗಟ್ಟಿಮರದ ಚೂಪು ಬಿರಡೆ. ಹಿಂದಿನದು ರಿಸೀವರ್ ದಾಟಿ ಹೊರಗೆ ಒಂದು ಗೇಣು ಉದ್ದ, ಹಿಡಿದೆತ್ತಲು ಅದೇ ಹಿಡಿಕೆ.

ಬಿರಡೆ ಹಾರಿಹೋಗುವುದು ಈ ಕೆಲಸದ ಮಾಮೂಲಿ ತೊಂದರೆ, ಕಾರಣ ಸರಳ. 25 ಡಿಗ್ರಿಯ ಗಾಳಿಯನ್ನು ಮುಚ್ಚಿ 95ಕ್ಕೆ ಕಾಯಿಸಿದರೆ ಒತ್ತಡ ಸುಮಾರು ಕಾಲುಭಾಗ ಏರುತ್ತದೆ, ಅದನ್ನು ಬಿರಡೆ ತಡೆಯುತ್ತದೆ. ಒಳಗೆ ನೀರಿದ್ದರೆ ಕತೆಯೇ ಬೇರೆ. ಈ ನಳಿಕೆಯ ಒಳಗಿನ ಜಾಗ ಸುಮಾರು 25 ಮಿ.ಲೀ.; ಅಷ್ಟನ್ನು ಹಬೆಯಿಂದ ತುಂಬಲು ಒಂದು ಹನಿ ನೀರೂ ಬೇಡ. ಹನಿಯ ಅರ್ಧ ಉಳಿದಿದ್ದರೂ ಒತ್ತಡ ಎರಡು ಪಟ್ಟಾಗುತ್ತದೆ. ಅರಗು ಪೂರ್ತಿ ಒಣಗಿರಬೇಕು, ಒಳಗೆ ಒಣ ಬಟ್ಟೆ ಎಳೆದು ನೋಡಿಯೇ ಬಿರಡೆ ಹೊಡೆಯಬೇಕು.

ಜಿಡ್ಡು ತೆಗೆಯುವುದು

ದ್ರಾವಣ ಯಾವುದು, ಯಾವ ಕಂಪನಿಯದು ಎಂಬ ಚರ್ಚೆಗೆ ಕೊಡುವ ಸಮಯವನ್ನು ಇದಕ್ಕೆ ಕೊಟ್ಟರೆ ಹಾಳಾಗುವ ನಳಿಕೆಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಮೊದಲು ಅಸಿಟೋನಿನಲ್ಲಿ ಎರಡು ಸಲ, ಪ್ರತಿ ಸಲ ಹೊಸ ಬಟ್ಟೆ. ಒಲೆಯಿಂದ ದೂರ, ಬಾಗಿಲು ತೆರೆದು. ಅರಗು ಸವರಿದ ಕಡೆ ಮುಟ್ಟದಂತೆ. ನಂತರ ಲೀಟರಿಗೆ 30 ಗ್ರಾಂ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ತೊಳೆದದ್ದು. ಸೋಡಾ ಉಳಿದರೆ ಅದೇ ತುಕ್ಕನ್ನು ತಡೆಯುತ್ತದೆ, ಅದಕ್ಕೇ ಮೂರು ಸಲ.

ಪರೀಕ್ಷೆ ಹೀಗೆ: ನೀರು ಸುರಿದು ನಳಿಕೆಯನ್ನು ಓರೆಯಾಗಿ ಹಿಡಿದರೆ ನೀರಿನ ಪೊರೆ ಅರ್ಧ ನಿಮಿಷ ಒಡೆಯದೆ ನಿಲ್ಲಬೇಕು. ಎಲ್ಲಿ ಹರಿದು ಹನಿಯಾಯಿತೋ ಅಲ್ಲಿ ಜಿಡ್ಡಿದೆ. ಈ ಕೆಲಸದಲ್ಲಿ ಎರಡು ಕಡೆ ಒಡೆಯಿತು: ಸೈಟಿನ ಬಳೆಯ ಹಿಂದೆ, ಮತ್ತು ನಳಿಕೆ ರಿಸೀವರಿಗೆ ಸೇರುವ ಸಂದಿನಲ್ಲಿ. ಸಂದಿನ ಒಳಗೆ ತಿರುಪಿನ ಹಲ್ಲುಗಳಲ್ಲಿ ಎಣ್ಣೆ ಕೂತಿರುತ್ತದೆ, ಬಿಸಿಯಾದಾಗಲೆಲ್ಲ ಒಸರುತ್ತದೆ. ದ್ರಾವಣ ಮುಟ್ಟಿಸುವ ಮುನ್ನವೇ ಇಡೀ ವಸ್ತುವನ್ನು ಎರಡು ಸಲ ಖಾಲಿ ನೀರಿನಲ್ಲಿ ಕುದಿಸಿ, ತೇಲಿದ ಎಣ್ಣೆಯನ್ನು ಕಾಗದದಿಂದ ಎಳೆದು ತೆಗೆದು, ಮತ್ತೆ ಅಸಿಟೋನ್ ಹಚ್ಚಬೇಕಾಯಿತು. ಸ್ಕೋಪಿನ ತಿರುಪುತೂತುಗಳನ್ನು ಕಂಪ್ರೆಸರ್ ಗಾಳಿಯಿಂದ ಊದುವ ಆಸೆ ಬೇಡ. ಆ ಗಾಳಿಯಲ್ಲೂ ಎಣ್ಣೆಯ ತುಂತುರು ಇರುತ್ತದೆ. ಹತ್ತಿ ಸುತ್ತಿದ ಕಡ್ಡಿ ಸಾಕು.

ಇಲ್ಲಿಂದ ಮುಂದೆ ಬರಿಗೈ ಇಲ್ಲ. ಪುಡಿ ಇಲ್ಲದ ನೈಟ್ರೈಲ್ ಕೈಗವಸು, ಸುತ್ತಿಗೊಂದು ಹೊಸ ಜೊತೆ.

ತೇವದ ಪೆಟ್ಟಿಗೆ

120×30×30 ಸೆಂ.ಮೀ. ಪ್ಲೈವುಡ್ ಪೆಟ್ಟಿಗೆ, ತಳದಲ್ಲಿ 40 ವ್ಯಾಟಿನ ಬಲ್ಬು, ಅದರ ಮೇಲೆ ತಗಡಿನ ತಟ್ಟೆಯಲ್ಲಿ ನೀರು. ಗುರಿ: 30 ಡಿಗ್ರಿ, ತೇವಾಂಶ ಶೇ. 75ರಿಂದ 80. ಹೊಸ ಪ್ಲೈವುಡ್ ಮೊದಲ ದಿನವೆಲ್ಲ ತೇವವನ್ನು ತಾನೇ ಕುಡಿಯುತ್ತದೆ, ಹಿಂದಿನ ದಿನವೇ ಖಾಲಿ ಓಡಿಸಿಡಬೇಕು. ಅಗ್ಗದ ತೇವಾಂಶ ಮಾಪಕ ಹತ್ತು ಅಂಕ ತಪ್ಪು ತೋರಿಸಿದರೂ ಆಶ್ಚರ್ಯವಿಲ್ಲ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಕೆಸರಿನಂತೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ಎಂಟು ಗಂಟೆ ಇಟ್ಟರೆ ಶೇ. 75 ತೋರಿಸಬೇಕು. ಇಲ್ಲಿ ಬಳಸಿದ ಮಾಪಕ 69 ತೋರಿಸಿತು. ಮುಂದಿನ ಎಲ್ಲ ಅಂಕೆಗಳಿಗೆ ಆರು ಸೇರಿಸಿ ಬರೆದಿದೆ.

ತಣ್ಣಗಿನ ನಳಿಕೆಯನ್ನು ನೇರ ಪೆಟ್ಟಿಗೆಗೆ ಇಟ್ಟರೆ ಕೆಲಸ ಕೆಟ್ಟಿತು. 30 ಡಿಗ್ರಿ, ಶೇ. 80 ತೇವದ ಗಾಳಿಯಲ್ಲಿ 26 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತು ಬೆವರುತ್ತದೆ. ಆ ಬೆವರಹನಿ ಕೂತ ಕಡೆ ಚುಕ್ಕೆ, ಚುಕ್ಕೆಯ ಕೆಳಗೆ ಗುಳಿ. ಆದ್ದರಿಂದ ನೀರಿನ ತಟ್ಟೆ ಇಡುವ ಮೊದಲು ಬಲ್ಬು ಮಾತ್ರ ಉರಿಸಿ ನಳಿಕೆಯನ್ನು ಒಂದು ಗಂಟೆ ಬೆಚ್ಚಗೆ ಮಾಡಿಕೊಳ್ಳುವುದು. ಮಲೆನಾಡಿನ ಆಷಾಢದಲ್ಲಿ, ಕರಾವಳಿಯಲ್ಲಿ ಪೆಟ್ಟಿಗೆಯೇ ಬೇಡ, ತೇವ ತಾನಾಗಿ ಇರುತ್ತದೆ. ಅಲ್ಲಿ ತೊಂದರೆ ತಿರುಗುಮುರುಗು: ತುಕ್ಕು ಎರಡೇ ಗಂಟೆಯಲ್ಲಿ ಒರಟಾಗಬಹುದು, ಕಾವಲು ಬೇಕು.

ತೊಟ್ಟಿ

ಸ್ಟೇನ್‌ಲೆಸ್ ತೊಟ್ಟಿ, 100×12×12 ಸೆಂ.ಮೀ., ಒಂಬತ್ತು ಸೆಂ.ಮೀ. ಎತ್ತರಕ್ಕೆ ತುಂಬಿದರೆ 10.8 ಲೀಟರ್. ಎರಡು ಬರ್ನರಿನ ಗ್ಯಾಸ್ ಒಲೆ. ಸತು ಬಳಿದ ತಗಡು, ಅಲ್ಯುಮಿನಿಯಂ ಬೇಡ. ನೀರು ಡಿಸ್ಟಿಲ್ಡ್ ಆಗಿರಲೇಬೇಕು. ಕೊಳವೆಬಾವಿಯ ಗಡಸು ನೀರು ಸುಣ್ಣದ ಬಿಳಿ ಕಲೆ ಬಿಡುತ್ತದೆ, ನಲ್ಲಿಯ ಕ್ಲೋರಿನ್ ಬೇರೆ ಕಲೆ. ಮಡಕೆಯಲ್ಲಿ ಹಿಡಿದು ಸೋಸಿದ ಮಳೆನೀರಾದರೂ ಆದೀತು. ನಳಿಕೆ ತಳಕ್ಕೆ ತಾಗದಂತೆ ಬಿರಡೆಗಳನ್ನು ಎರಡು ಮರದ ಕವೆಗಳ ಮೇಲೆ ಕೂರಿಸಲಾಯಿತು. ನೀರು 95ಕ್ಕೇ ಕುದಿಯುವುದರಿಂದ ಹತ್ತರ ಬದಲು ಹದಿನೈದು ನಿಮಿಷ.

ಸುತ್ತುಗಳು

ದ್ರಾವಣ ಸಿದ್ಧವಾಗಿ ಸಿಗುವ ಆಮ್ಲದ ಬಾಟಲಿಯದು. ಮುಚ್ಚಳ ತೆರೆದಿಟ್ಟರೆ ಅದರ ಆವಿಯೇ ಗ್ಯಾರೇಜಿನ ಉಳಿದ ಉಪಕರಣಗಳಿಗೆಲ್ಲ ತುಕ್ಕು ಹಿಡಿಸುತ್ತದೆ. ಬೇಕಾದ ಮೂರು ಮಿ.ಲೀ.ಯನ್ನು ಗಾಜಿನ ಬಟ್ಟಲಿಗೆ ಬಗ್ಗಿಸಿಕೊಂಡು ಬಾಟಲಿ ಮುಚ್ಚಿ ಹೊರಗಿಡುವುದು. ಬಟ್ಟಲಲ್ಲಿ ಉಳಿದದ್ದನ್ನು ಬಾಟಲಿಗೆ ಹಿಂದಕ್ಕೆ ಸುರಿಯಬಾರದು. ಕಣ್ಣಿಗೆ ಕನ್ನಡಕ.

ಹಚ್ಚುವುದು ಹತ್ತಿಯ ಉಂಡೆಯಿಂದ. ಉಂಡೆಯನ್ನು ಅದ್ದಿ, ಹಿಂಡಿ, ಮತ್ತೊಮ್ಮೆ ಹಿಂಡಿ. ಎಳೆದ ಜಾಗ ಒದ್ದೆಯಾಗಿ ಹೊಳೆಯಬಾರದು, ಉಸಿರು ತಾಗಿದ ಕನ್ನಡಿಯಂತೆ ಮಂಕಾಗಬೇಕು, ಅಷ್ಟೇ. ಬುಡದಿಂದ ಮೂತಿಗೆ ಒಂದೇ ಎಳೆತ, ಪಕ್ಕದಲ್ಲಿ ಇನ್ನೊಂದು. ಹೋದ ದಾರಿಯಲ್ಲಿ ಮತ್ತೆ ಕೈ ಆಡಿಸುವಂತಿಲ್ಲ.

ಒಂದನೇ ಸುತ್ತು: 30 ಡಿಗ್ರಿ, ಶೇ. 78, ನಾಲ್ಕು ಗಂಟೆ. ಅರಿಶಿನ ಮಿಶ್ರಿತ ಕಂದು ಪೊರೆ, ಅಲ್ಲಲ್ಲಿ ತೆಳು. ಕುದಿಸಿದ ಮೇಲೆ ಮಸಿ ಹಿಡಿದಂತೆ ಕಪ್ಪು ತುಪ್ಪುಳು. ಉಜ್ಜಿದಾಗ ಕೆಳಗೆ ಉಳಿದದ್ದು ಬೂದು, ಅದೂ ಮಚ್ಚೆಮಚ್ಚೆ. ಮೊದಲ ಸುತ್ತು ಯಾವಾಗಲೂ ಹೀಗೆ. ಇಲ್ಲಿ ಹೆದರಿ ಎಮರಿ ಹಿಡಿಯಬಾರದು.

ಉಜ್ಜಲು ನಾಲ್ಕು ಸೊನ್ನೆಯ ಸ್ಟೀಲ್ ವೂಲ್, ಅಂದರೆ ಅತಿ ನವಿರಾದ ಉಕ್ಕಿನ ನಾರು. ಅಂಗಡಿಯಿಂದ ಬರುವಾಗ ಅದಕ್ಕೆ ಎಣ್ಣೆ ಹಚ್ಚಿರುತ್ತಾರೆ. ಅಸಿಟೋನಿನಲ್ಲಿ ಎರಡು ಸಲ ತೊಳೆದು ಒಣಗಿಸಿದ ಮೇಲೆ ಬಳಕೆ. ಕೈಭಾರ ಹಗುರ. ತುಪ್ಪುಳು ಹೋಗಬೇಕು, ಕೆಳಗಿನ ಪದರ ಅಲ್ಲ. ಮೂತಿಯ ಅಂಚು, ಬಳೆಯ ಅಂಚುಗಳಲ್ಲಿ ಒಂದೆರಡು ಸಲಕ್ಕಿಂತ ಹೆಚ್ಚು ಉಜ್ಜಿದರೆ ಬಿಳಿ ಕಾಣುತ್ತದೆ.

ಎರಡನೇ ಸುತ್ತು: ಮೂರೂವರೆ ಗಂಟೆ. ಮೂತಿಯ ಕಡೆ ಸಮ, ಬುಡದಲ್ಲಿ ತೆಳು. ದಪ್ಪ ಉಕ್ಕು ಬೆಚ್ಚಗಾಗಲು ತಡ. ಮುಂದಿನ ಸುತ್ತುಗಳಲ್ಲಿ ಬಲ್ಬನ್ನು ಬುಡದ ಕಡೆಗೆ ಸರಿಸಿದ ಮೇಲೆ ವ್ಯತ್ಯಾಸ ಹೋಯಿತು. ರಿಸೀವರ್ ಮಾತ್ರ ಹಿಂದೆಯೇ ಉಳಿಯಿತು. ಹಳೆಯ ಮೌಸರ್ ರಿಸೀವರಿನದು ಮೇಲ್ಪದರ ಮಾತ್ರ ಗಡುಸು ಮಾಡಿದ ಮೆದು ಉಕ್ಕು. ನಳಿಕೆಯ 4140ರ ಜೊತೆ ಹೆಜ್ಜೆ ಹಾಕುವುದಿಲ್ಲ.

ಮೂರನೇ ಸುತ್ತು: ಬಳೆಯ ಹಿಂದೆ ಕಣ್ಣೀರು ಇಳಿದಂಥ ಗೆರೆ, ತಾಮ್ರದ ಛಾಯೆ. ಬಳೆಯ ಮೂಲೆಯಲ್ಲಿ ಉಂಡೆ ತಂಗಿ ದ್ರಾವಣ ಹಿಂಡಿಹೋಗಿದ್ದೇ ಕಾರಣ. ಆ ಗೆರೆಯನ್ನಷ್ಟೇ 400ರ ಕಾಗದದ ಚೂರಿನಿಂದ ತೆಳುವಾಗಿ ಸವರಿ, ಜಿಡ್ಡು ತೆಗೆದು, ಮುಂದಿನ ಸುತ್ತಿಗೆ ಬಿಡಲಾಯಿತು. ಆರನೆಯ ಸುತ್ತಿಗೆ ಗುರುತು ಮಾಯ. ಇದೇ ತಪ್ಪು ಏಳನೆಯದರಲ್ಲಿ ಆಗಿದ್ದರೆ ಸೇರಿಸಲು ಸುತ್ತುಗಳೇ ಉಳಿಯುತ್ತಿರಲಿಲ್ಲ, ಇಡೀ ನಳಿಕೆಯನ್ನು ಬೆಳ್ಳಗೆ ಮಾಡಿ ಮೊದಲಿನಿಂದ ಹೊರಡಬೇಕಿತ್ತು. ಮೂಲೆಗಳಿಗೆ ಆಮೇಲೆ ಹತ್ತಿ ಸುತ್ತಿದ ಬೆಂಕಿಕಡ್ಡಿಯನ್ನೇ ಬಳಸಿದ್ದು.

ನಾಲ್ಕನೇ ಸುತ್ತಿನಿಂದ ಬಣ್ಣ ಒಂದಾಗತೊಡಗಿತು. ಸಂದಿನಲ್ಲಿ ಮತ್ತೆ ಎರಡು ಮಿ.ಮೀ. ಅಗಲದ ಬೋಳು ಪಟ್ಟಿ, ಒಸರಿದ ಎಣ್ಣೆಯದೇ. ಸಂದಿಗೆ ಅಸಿಟೋನ್ ಹನಿಸಿ ನಳಿಕೆಯನ್ನು ಮೂತಿ ಮೇಲಾಗಿ ನಿಲ್ಲಿಸಿ, ಆವಿ ಪೂರ್ತಿ ಹೋದ ಮೇಲಷ್ಟೇ ಒಲೆಯ ಹತ್ತಿರ ತಂದು ಮತ್ತೊಮ್ಮೆ ಕುದಿಸಿದ ಮೇಲೆ ಮರುಕಳಿಸಲಿಲ್ಲ.

ಐದು, ಆರು: ತಲಾ ಮೂರು ಗಂಟೆ. ಪದರ ಬೆಳೆದಂತೆ ತುಕ್ಕು ಬೇಗ ಕಾಣುತ್ತದೆ, ಸಮಯ ಇಳಿಸಬೇಕು. ನಿಲ್ಲಿಸುವ ಹೊತ್ತು ಗಡಿಯಾರದ್ದಲ್ಲ, ಕಣ್ಣಿನದು: ಕುಂಕುಮದ ಧೂಳು ಕೂತಂತೆ ನವಿರಾದ ಕೆಂಪು ಇರುವಾಗಲೇ ಹೊರತೆಗೆಯಬೇಕು. ಬೆರಳಿಗೆ ಮರಳಿನಂತೆ ತಾಗುವ ತುಕ್ಕು ಉಕ್ಕನ್ನು ಕೊರೆಯಲು ಶುರು ಮಾಡಿದೆ ಎಂದರ್ಥ. ಕಪ್ಪೇನೋ ಬರುತ್ತದೆ, ಆದರೆ ಅದರೊಳಗೆ ಸೂಜಿಮೊನೆಯ ಗುಳಿಗಳು ಬೆಳಕಿಗೆ ಹಿಡಿದಾಗಲೆಲ್ಲ ಕಾಣುತ್ತವೆ. ರಾತ್ರಿ ಹಚ್ಚಿ ಮಲಗಿ ಬೆಳಿಗ್ಗೆ ನೋಡುವವರ ನಳಿಕೆಗಳು ಹಾಳಾಗುವುದು ಹೀಗೆ.

ಏಳು: ಎರಡೂವರೆ ಗಂಟೆ, ಆಳವಾದ ನೀಲಿಗಪ್ಪು. ರಿಸೀವರಿಗೆ ಮಾತ್ರ ನಡುವೆ ಎರಡು ಹೆಚ್ಚುವರಿ ಸುತ್ತು. ಆಗ ನಳಿಕೆಗೆ ದ್ರಾವಣ ಹಚ್ಚದೆ ಕುದಿಸಲು ಜೊತೆಯಲ್ಲಿ ಇಳಿಸಿದ್ದು. ಎಂಟನೆಯದರಲ್ಲಿ ತುಕ್ಕು ವಿರಳ, ಉಜ್ಜಿದ ಮೇಲೆ ಬಣ್ಣ ಮೊದಲಿಗಿಂತ ಗಾಢವಾಗಲಿಲ್ಲ. ಅದೇ ಸಾಕು ಎನ್ನುವ ಸೂಚನೆ. ಒಟ್ಟು ಖರ್ಚಾದ ದ್ರಾವಣ 30 ಮಿ.ಲೀ.ಗಿಂತ ಕಡಿಮೆ, ನೀರು 22 ಲೀಟರ್, ಸ್ಟೀಲ್ ವೂಲ್ ಹತ್ತು ಉಂಡೆ, ದಿನ ನಾಲ್ಕು.

ತುಕ್ಕನ್ನು ನಿಲ್ಲಿಸುವುದು

ದ್ರಾವಣದ ಉಪ್ಪು ಸೂಕ್ಷ್ಮ ರಂಧ್ರಗಳಲ್ಲಿ ಉಳಿದರೆ ವಾರದ ನಂತರ ಬಣ್ಣದ ಒಳಗಿನಿಂದ ಕೆಂಪು ಎದ್ದುಬರುತ್ತದೆ. ಕೊನೆಗೆ ಲೀಟರಿಗೆ 20 ಗ್ರಾಂ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ, ಮತ್ತೆ ಖಾಲಿ ನೀರಿನಲ್ಲಿ ಹತ್ತು ನಿಮಿಷ ಕುದಿಸಿದ್ದು. ಸೋಡಾವನ್ನು ನಡುವಿನ ಸುತ್ತುಗಳಲ್ಲಿ ಬಳಸಬಾರದು, ಮುಂದಿನ ತುಕ್ಕು ಹಿಡಿಯುವುದಿಲ್ಲ. ಬಿಸಿ ಇರುವಾಗಲೇ ನೀರಿನ ಕೊನೆಯ ಹನಿ ತಾನಾಗಿ ಆರುತ್ತದೆ, ಕೂಡಲೇ ಧಾರಾಳವಾಗಿ ಎಂಜಿನ್ ಆಯಿಲ್ ಸವರಿ ಒಂದು ರಾತ್ರಿ. ಮ್ಯಾಗ್ನಟೈಟ್ ಸ್ವತಃ ತುಕ್ಕನ್ನು ಹೆಚ್ಚೇನೂ ತಡೆಯುವುದಿಲ್ಲ. ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಉಪಕಾರ. ಎಣ್ಣೆ ತಾಗಿದೊಡನೆ ಬೂದುಗಪ್ಪು ಇದ್ದದ್ದು ನಿಜವಾದ ಕಪ್ಪಾಯಿತು, ಎಂಟು ಸುತ್ತಿನ ಕೆಲಸ ಮೊದಲ ಬಾರಿಗೆ ಕಾಣುವುದು ಆಗಲೇ.

ಮರುದಿನ ಬಿರಡೆ ತೆಗೆದು, ಸ್ಪಿರಿಟ್ಟಿನಲ್ಲಿ ನೆನೆಸಿದ ಬಟ್ಟೆಯಿಂದ ಅರಗನ್ನು ಬಿಡಿಸಲಾಯಿತು. ಮೂರು ಬಟ್ಟೆ ಕಂದಾಗಿ ಬಂದವು, ನಾಲ್ಕನೆಯದು ಬೆಳ್ಳಗೆ. ಚೇಂಬರಿನ ಮೂಲೆಯಲ್ಲಿ ಅರಗಿನ ಚೂರಾಗಲಿ, ನಳಿಕೆಯಲ್ಲಿ ಬಿರಡೆಯ ಸಿಬರಾಗಲಿ ಉಳಿದಿದ್ದರೆ ಮೊದಲ ಗುಂಡಿಗೇ ಅಪಾಯ. ಟಾರ್ಚು ಹಿಡಿದು ಎರಡೂ ತುದಿಯಿಂದ ನೋಡಿ, ಹೆಡ್‌ಸ್ಪೇಸ್ ಗೇಜುಗಳನ್ನು ಮತ್ತೆ ಹಾಕಿ ನೋಡಬೇಕು. ಕನಿಷ್ಠ ಅಳತೆಯ ಗೋ ಗೇಜಿನ ಮೇಲೆ ಬೋಲ್ಟ್ ಮುಚ್ಚಿತು, ಮಿತಿ ಮೀರಿದ ಅಳತೆಯ ನೋ-ಗೋ ಮೇಲೆ ಮುಚ್ಚದೆ ನಿಂತಿತು; ಅಳತೆ ಸರಿಯಿದೆ.

48 ಗಂಟೆಯ ನಂತರ ಎಣ್ಣೆ ಒರೆಸಿ ಬಿಳಿ ಬಟ್ಟೆಯಿಂದ ಉದ್ದಕ್ಕೂ ಎಳೆದು ನೋಡಿದಾಗ ಸಂದಿನ ಹತ್ತಿರ ಮಾತ್ರ ತುಸು ಕೆಂಪು ಬಂತು. ಆ ಜಾಗಕ್ಕೆ ಎಣ್ಣೆಯಲ್ಲಿ ಅದ್ದಿದ ಸ್ಟೀಲ್ ವೂಲ್ ಹಗುರವಾಗಿ ಆಡಿಸಿ ಇನ್ನೆರಡು ದಿನ ಬಿಟ್ಟದ್ದು. ಮತ್ತೆ ಒರೆಸಿದಾಗ ಬಟ್ಟೆ ಬೆಳ್ಳಗಿತ್ತು, ನಳಿಕೆ ಮರದ ಹಿಡಿಗೆ ಹೋಯಿತು.